ಬೆಳಗಿನ ಬಿಗಿತಕ್ಕೊಂದು ಲೆಕ್ಕದ ಪುಸ್ತಕ

ನನ್ನದು ಹೊಲಿಗೆಯ ಕಸುಬು. ಒಂದು ಬೆಳಿಗ್ಗೆ ಕತ್ತರಿಯ ಹಿಡಿಯೊಳಗೆ ಹೆಬ್ಬೆರಳು ತೂರಲಿಲ್ಲ. ಕೆಲಸ ಹೆಚ್ಚಾಯಿತೇನೋ ಎಂದು ಎಂಟು ತಿಂಗಳು ನೋವಿನ ಮಾತ್ರೆ ನುಂಗಿಕೊಂಡು ಕಳೆದೆ. ಕೊನೆಗೆ ತಿಳಿಯಿತು, ಅದು ರುಮಟಾಯ್ಡ್ ಸಂಧಿವಾತ: ದೇಹದ ರಕ್ಷಣಾ ಪಡೆಯೇ ತನ್ನ ಕೀಲುಗಳ ಮೇಲೆ ಬೀಳುವ ರೋಗ. ನೀವು ನನ್ನಂತೆ ತಡ ಮಾಡಬೇಡಿ.

ಮೊದಲು ಗಡಿಯಾರ ನೋಡಿ. ಎದ್ದದ್ದು ಎಷ್ಟು ಹೊತ್ತಿಗೆ, ಮುಷ್ಟಿ ಸಲೀಸಾಗಿ ಕಟ್ಟಲು ಬಂದದ್ದು ಎಷ್ಟು ಹೊತ್ತಿಗೆ, ಎರಡನ್ನೂ ಬರೆದಿಡಿ. ಸವೆತದ ಕೀಲುನೋವಾದರೆ ಬಿಗಿತ ಸಾಮಾನ್ಯವಾಗಿ ಅರ್ಧ ಗಂಟೆಯೊಳಗೆ ಬಿಡುತ್ತದೆ, ದುಡಿದಷ್ಟೂ ನೋವು ಏರುತ್ತದೆ. ರುಮಟಾಯ್ಡ್ ಸಂಧಿವಾತದ ರೀತಿ ಇದಕ್ಕೆ ತಿರುಗುಮುರುಗು: ಬಿಗಿತ ಗಂಟೆ ದಾಟುವುದುಂಟು, ಕೈ ಆಡಿಸುತ್ತ ಹೋದರೆ ಸಡಿಲವಾಗುತ್ತದೆ. ಯಾವ ಗೆಣ್ಣು ಊದಿದೆ, ಎರಡೂ ಕೈಯಲ್ಲಿದೆಯೇ ಎಂಬುದನ್ನೂ ಸೇರಿಸಿ. ವೈದ್ಯರ ಎದುರು ಕುಳಿತಾಗ ‘ತುಂಬಾ ನೋವು’ ಎಂಬ ಮಾತಿಗಿಂತ ಈ ಪುಸ್ತಕ ಹೆಚ್ಚು ಹೇಳುತ್ತದೆ.

ದೇಹ ತನ್ನ ಮೇಲೆ ತಾನೇ ಏಕೆ ಬೀಳುತ್ತದೆ? ರೋಗಾಣುಗಳ ವಿರುದ್ಧ ಕಾವಲಿರುವ ಟಿ ಜೀವಕೋಶಗಳು (ಒಂದು ಬಗೆಯ ಬಿಳಿ ರಕ್ತಕಣ) ಎದೆಯೊಳಗಿನ ಥೈಮಸ್ ಗ್ರಂಥಿಯಲ್ಲಿ ಪಳಗುತ್ತವೆ; ಸ್ವಂತ ದೇಹವನ್ನೇ ಗಟ್ಟಿಯಾಗಿ ಹಿಡಿಯುವವು ಬಹುಪಾಲು ಅಲ್ಲಿಯೇ ಸಾಯುತ್ತವೆ. ನುಸುಳಿಕೊಂಡವನ್ನು ಹದ್ದುಬಸ್ತಿನಲ್ಲಿಡಲು ನಿಯಂತ್ರಕ ಟಿ ಕೋಶಗಳಿವೆ (2025ರ ವೈದ್ಯಕೀಯ ನೊಬೆಲ್ ಸಂದದ್ದು ಈ ಸಂಶೋಧನೆಗೇ). ಆ ಕಾವಲು ಸಡಿಲವಾಗಲು ಒಂದೇ ಕಾರಣ ಸಾಲದು. ವಂಶವಾಹಿ ನೆಲ ಹದಮಾಡಿರುತ್ತದೆ, ಧೂಮಪಾನದಂಥದ್ದು ಬೀಜ ಬಿತ್ತುತ್ತದೆ. ಹೊಗೆ ತಾಗಿದ ಶ್ವಾಸಕೋಶದ ಪ್ರೋಟೀನುಗಳಲ್ಲಿ ಆರ್ಜಿನಿನ್ ಎಂಬ ಅಮೈನೊ ಆಮ್ಲ ಹೆಚ್ಚು ಪ್ರಮಾಣದಲ್ಲಿ ಸಿಟ್ರುಲಿನ್ ಎಂಬ ಇನ್ನೊಂದಾಗಿ ಮಾರ್ಪಡುತ್ತದೆ. ಗುಂಡಿ ಬದಲಿಸಿದ ಹಳೆಯ ಅಂಗಿಯಂತೆ: ಬಟ್ಟೆ ಮನೆಯದೇ, ಕಾವಲುಗಾರನಿಗೆ ಮಾತ್ರ ಗುರುತು ಹತ್ತುವುದಿಲ್ಲ. ಅದರ ವಿರುದ್ಧ ಹುಟ್ಟುವ ಪ್ರತಿಕಾಯಗಳು ಕೀಲು ನೋಯುವುದಕ್ಕೆ ವರ್ಷಗಳ ಮೊದಲೇ ರಕ್ತದಲ್ಲಿರಬಹುದು. ಕೊನೆಗೆ ಕೀಲಿನ ಒಳಪದರ ಊದಿ, ಪಕ್ಕದ ಮೃದ್ವಸ್ಥಿ, ಮೂಳೆಗಳನ್ನು ಕೊರೆಯತೊಡಗುತ್ತದೆ.

ರಕ್ತಪರೀಕ್ಷೆಯ ವರದಿಯೇ ತೀರ್ಪಲ್ಲ. ಆರ್‌ಎ ಫ್ಯಾಕ್ಟರ್ ಎಂಬ ಪ್ರತಿಕಾಯ ಆರೋಗ್ಯವಂತ ವೃದ್ಧರಲ್ಲೂ, ಹೆಪಟೈಟಿಸ್ ಸಿ ಇರುವವರಲ್ಲೂ ಕಾಣಿಸುತ್ತದೆ. ಆ್ಯಂಟಿ ಸಿಸಿಪಿ (ಮೇಲೆ ಹೇಳಿದ ಸಿಟ್ರುಲಿನ್ ವಿರುದ್ಧದ ಪ್ರತಿಕಾಯ ಹುಡುಕುವ ಪರೀಕ್ಷೆ) ಅದಕ್ಕಿಂತ ನಂಬಿಕೆಯದು. ಎರಡೂ ನೆಗೆಟಿವ್ ಇದ್ದೂ ರೋಗವಿರಬಹುದು. ನನ್ನದು ಹಾಗೆಯೇ ಇತ್ತು. ಊತ ಆರು ವಾರ ಇಳಿಯದಿದ್ದರೆ ಸಂಧಿವಾತ ತಜ್ಞರನ್ನು ಕಾಣಿರಿ. ಕೊರೆದುಹೋದ ಮೂಳೆಯನ್ನು ಮಾತ್ರೆ ಮರಳಿ ಕಟ್ಟಿಕೊಡುವುದಿಲ್ಲ.

ಈ ರೋಗವನ್ನು ಹತೋಟಿಯಲ್ಲಿಡುವ ಮೆಥೊಟ್ರೆಕ್ಸೇಟ್ ಮಾತ್ರೆ ಬರೆದುಕೊಟ್ಟರೆ, ಅದು ವಾರಕ್ಕೊಮ್ಮೆ ಮಾತ್ರ. ದಿನವೂ ನುಂಗಿದರೆ ಜೀವಕ್ಕೇ ಕುತ್ತು. ಗರ್ಭ ಧರಿಸುವ ಯೋಚನೆಯಿದ್ದರೆ ಮೊದಲೇ ತಿಳಿಸಿ. ನನ್ನ ದಿನ ಭಾನುವಾರ. ಮಿಕ್ಕ ಆರು ದಿನ ಆ ಡಬ್ಬಿಯ ಮುಚ್ಚಳಕ್ಕೆ ಕೆಂಪು ದಾರ ಸುತ್ತಿರುತ್ತೇನೆ.