ಚೀಟಿಯಲ್ಲಿ ಹಾಲಿದೆ, ಫೈಲಿನಲ್ಲಿ ಸೊನ್ನೆ

ಮುಳಬಾಗಿಲು ಕಡೆಯ ನಮ್ಮೂರ ಡೈರಿಯಲ್ಲಿ ಬೆಳಗ್ಗೆ ಆರಕ್ಕೇ ಕ್ಯಾನುಗಳ ಸಾಲು. ತೂಕ, ಫ್ಯಾಟು, ಚೀಟಿ, ಮುಂದಿನವರು. ಅಲ್ಲಿನ ಹಳೇ ಲಿನಕ್ಸ್ ಕಂಪ್ಯೂಟರಿಗೆ ಲೆಕ್ಕದ ಪ್ರೋಗ್ರಾಂ ಬರೆದುಕೊಟ್ಟವನು ನಾನು. ದುಡ್ಡು ತಗೊಂಡಿರಲಿಲ್ಲ. ಬೈಗುಳ ಮಾತ್ರ ಪೂರ್ತಿ ಸಿಕ್ಕಿತು.

ಒಂದು ಸಂಜೆ ಹಾಲು ಹಾಕುವ ಹೊತ್ತಿನಲ್ಲೇ ಕರೆಂಟು ಹೋಯಿತು. ಯುಪಿಎಸ್ ಬ್ಯಾಟರಿ ಯಾವತ್ತೋ ಸತ್ತಿತ್ತು. ಮಾರನೇ ದಿನ ಒಬ್ಬರು ಅಜ್ಜಿ ಚೀಟಿ ಹಿಡಿದುಕೊಂಡು ಬಂದರು. ಚೀಟಿಯಲ್ಲಿ ಆರೂವರೆ ಲೀಟರ್, ಕಂಪ್ಯೂಟರಿನಲ್ಲಿ ಸೊನ್ನೆ. ಅವರ ಹಿಂದೆ ನಿಂತಿದ್ದವರದ್ದೂ ಸೊನ್ನೆ. ಅವರಿಗಿಂತ ಮುಂಚೆ ಹಾಕಿದವರದ್ದೆಲ್ಲ ಸರಿಯಾಗಿಯೇ ಇತ್ತು.

ಇಬ್ಬರದ್ದೇ, ಅದೂ ಕೊನೆಯವರದ್ದೇ ಯಾಕೆ ಹೋಯಿತು? ಸುಳಿವು ಅಲ್ಲೇ ಇತ್ತು. ನನಗೆ ಹೊಳೆಯಲು ಎರಡು ದಿನ ಬೇಕಾಯಿತು.

ನಾನು ಮಾಡಿದ್ದು ಹೀಗೆ. ಬಟವಾಡೆ 15 ದಿನಕ್ಕೊಮ್ಮೆ. 200 ಜನ, ದಿನಕ್ಕೆ ಎರಡು ಹೊತ್ತು, ಒಟ್ಟು 6,000 ದಾಖಲೆ. ಒಂದಕ್ಕೆ 64 ಬೈಟ್. ಹಾಗಾಗಿ ಮೊದಲ ದಿನವೇ ಫೈಲಿನ ಸೈಜು ಬದಲಿಸುವ ಎಫ್‌ಟ್ರಂಕೇಟ್ ಕರೆದು ಫೈಲನ್ನು 3,84,000 ಬೈಟಿಗೆ ಹಿಗ್ಗಿಸಿ ಇಡುತ್ತಿದ್ದೆ. ಆಮೇಲೆ ಎಮ್‌ಮ್ಯಾಪ್ ಮಾಡಿಕೊಂಡು, ಅಂದರೆ ಫೈಲನ್ನು ಮೆಮೊರಿಯ ಭಾಗದಂತೆ ಬಳಸಿಕೊಂಡು, ಜಾಗ ಜಾಗಕ್ಕೆ ತುಂಬುತ್ತಾ ಹೋಗುವುದು. ಬುದ್ಧಿವಂತಿಕೆ ಅಂದುಕೊಂಡಿದ್ದೆ!

ಹಿಗ್ಗಿಸಿದ ಫೈಲು ಅಂದರೆ ಪುಟಸಂಖ್ಯೆ ಹಾಕಿಟ್ಟ ಖಾಲಿ ಲೆಕ್ಕದ ಪುಸ್ತಕ ಇದ್ದಂತೆ. ‘ಎಲ್‌ಎಸ್’ ಕಮಾಂಡ್ ಕೊಟ್ಟು ಕೇಳಿದರೆ ಪೂರ್ತಿ ಸೈಜು ಹೇಳುತ್ತದೆ. ‘ಡಿಯು’ ಕಮಾಂಡ್ ಕೊಟ್ಟು ಕೇಳಿದರೆ ಡಿಸ್ಕಿನಲ್ಲಿ ನಿಜವಾಗಿ ಹಿಡಿದ ಜಾಗ ತುಂಬಾ ಕಡಿಮೆ. ಉಳಿದದ್ದು ತೂತು. ತೂತನ್ನು ಓದಿದರೆ ಸೊನ್ನೆ ಸಿಗುತ್ತದೆ, ತಪ್ಪು ಅಂತ ಯಾರೂ ಹೇಳುವುದಿಲ್ಲ. ಸೈಜು ಬದಲಾದದ್ದು, ಡಿಸ್ಕಿನಲ್ಲಿ ಫೈಲುಗಳನ್ನು ಜೋಡಿಸಿಡುವ ಫೈಲ್ ಸಿಸ್ಟಮ್ಮಿನ ಜರ್ನಲ್‌ನಲ್ಲಿ, ಅಂದರೆ ಬದಲಾವಣೆಗಳ ದಿನಚರಿಯಲ್ಲಿ, ದಾಖಲಾಗುತ್ತದೆ. ಲಿನಕ್ಸಿನ ಇಎಕ್ಸ್‌ಟಿ4 ಫೈಲ್ ಸಿಸ್ಟಮ್ಮಿನಲ್ಲಿ ಮಾಮೂಲಿಯಾಗಿ 5 ಸೆಕೆಂಡಿಗೊಮ್ಮೆ ಅದು ಡಿಸ್ಕಿಗೆ ಇಳಿಯುತ್ತದೆ. ಒಳಗೆ ಬರೆದ ಡೇಟಾ ಮಾತ್ರ ಮೆಮೊರಿಯಲ್ಲೇ ಕೂತಿರುತ್ತದೆ. ಮಾಮೂಲಿ ಸೆಟ್ಟಿಂಗ್‌ನಲ್ಲಿ ಅದು ಹಳತಾಯಿತು ಅಂತ ಲಿನಕ್ಸ್ ಲೆಕ್ಕ ಹಾಕುವುದು 30 ಸೆಕೆಂಡ್ ಆದಮೇಲೆ, ಡಿಸ್ಕಿಗೆ ಇಳಿಸುವುದೂ ಆಗಲೇ. ಜನ ಜಾಸ್ತಿ ಇದ್ದಾಗ ನಮ್ಮಲ್ಲಿ ಒಬ್ಬರ ಹಾಲಿಗೆ ಹದಿನೈದು ಸೆಕೆಂಡ್. ಅಲ್ಲಿಗೆ ಇಬ್ಬರು. ಲೆಕ್ಕ ಸರಿಹೋಯಿತು, ನನ್ನ ಮುಖ ಸಪ್ಪಗಾಯಿತು.

ಹಿಗ್ಗಿಸದೆ ಸುಮ್ನೆ ಕೊನೆಗೆ ಸೇರಿಸುತ್ತಾ ಹೋಗಿದ್ದರೆ? ಆಗಲೂ ಕೊನೆಯ ಇಬ್ಬರು ಹೋಗುತ್ತಿದ್ದರು. ಆದರೆ ಇಎಕ್ಸ್‌ಟಿ4ನ ಮಾಮೂಲಿ ಪದ್ಧತಿಯಲ್ಲಿ ಡೇಟಾ ಡಿಸ್ಕಿಗೆ ಇಳಿಯುವ ತನಕ ಹೊಸ ಸೈಜು ಡಿಸ್ಕಿನಲ್ಲಿ ನಿಲ್ಲುವುದಿಲ್ಲ. ಫೈಲು ಗಿಡ್ಡ ಇರುತ್ತಿತ್ತು, ಸೊನ್ನೆ ಇರುತ್ತಿರಲಿಲ್ಲ. ಇಲ್ಲದ ದಾಖಲೆಗಿಂತ ಸುಳ್ಳು ದಾಖಲೆ ಕೆಟ್ಟದ್ದು, ಅಲ್ವಾ? ಫಾಲೊಕೇಟ್ ಹಾಕಿಯೂ ನೋಡಿದೆ. ಅದು ಡಿಸ್ಕಿನಲ್ಲಿ ಜಾಗ ಕಾದಿರಿಸುತ್ತದೆ, ನಡುವೆ ಡಿಸ್ಕ್ ತುಂಬಿ ಪರದಾಡುವುದು ತಪ್ಪುತ್ತದೆ. ಆದರೆ ಬರೆಯದ ಜಾಗ ಓದಿದರೆ ಮತ್ತದೇ ಸೊನ್ನೆ.

ಕುಗ್ಗಿಸುವಾಗಲೂ ಪೆಟ್ಟು ತಿಂದಿದ್ದೇನೆ. ಬಟವಾಡೆ ಮುಗಿದ ಮೇಲೆ ಉಳಿದ ಖಾಲಿ ಭಾಗ ಕತ್ತರಿಸುತ್ತಿದ್ದೆ. ಗೋಡೆಯ ಪರದೆಗೆ ಲೀಟರ್ ತೋರಿಸುವ ಇನ್ನೊಂದು ಪ್ರೋಗ್ರಾಂ ಅದೇ ಫೈಲನ್ನು ಮ್ಯಾಪ್ ಮಾಡಿಕೊಂಡಿತ್ತು. ಕತ್ತರಿಸಿದ ಜಾಗ ಮುಟ್ಟಿದ್ದೇ ತಡ, ‘ಬಸ್ ಎರರ್’ ಅಂತ ಸತ್ತುಬಿತ್ತು. ಮುಳಬಾಗಿಲಿಗೆ ಬಸ್ಸು ತಪ್ಪಿದ್ದು ಗೊತ್ತು, ಇದ್ಯಾವ ಬಸ್ಸಪ್ಪಾ ಅಂದುಕೊಂಡೆ. ಇದಕ್ಕಿಂತ ಕಳ್ಳ ತೊಂದರೆ ಇನ್ನೊಂದಿದೆ. ಮೆಮೊರಿಯನ್ನು ಕಂಪ್ಯೂಟರ್ ಪುಟಗಳಾಗಿ ಹಂಚಿಕೊಳ್ಳುತ್ತದೆ, ನಮ್ಮಲ್ಲಿ ಒಂದು ಪುಟ 4,096 ಬೈಟಿನದು. ಫೈಲು ಪುಟದ ನಡುವೆ ಮುಗಿದರೆ, ಆ ಪುಟದ ಬಾಕಿ ಭಾಗಕ್ಕೆ ಮ್ಯಾಪ್ ಮೂಲಕ ಬರೆದರೂ ಎರರ್ ಬರುವುದಿಲ್ಲ. ಬರೆದದ್ದು ಫೈಲಿಗೂ ಸೇರುವುದಿಲ್ಲ. ಕುಗ್ಗಿಸುವಾಗ ಲಿನಕ್ಸಿನ ತಿರುಳಾದ ಕರ್ನಲ್ ಆ ಬಾಲವನ್ನು ಸೊನ್ನೆ ಮಾಡುತ್ತದೆ. ಮುಂದೆ ಮತ್ತೆ ಹಿಗ್ಗಿಸಿದಾಗ ಹಳೇ ಡೇಟಾ ಎದ್ದು ಬರಬಾರದು ಅಂತ. ಅದು ಸರಿಯೇ. ಎಮ್‌ಮ್ಯಾಪ್ ಸಹವಾಸ ಮಾತ್ರ ನಾನು ಅಲ್ಲಿಗೇ ಬಿಟ್ಟೆ.

ಈಗಿನ ಫೈಲು ಕೊನೆಗೆ ಸೇರಿಸುತ್ತಾ ಹೋಗುವಂಥದ್ದು. ಪ್ರತಿ ದಾಖಲೆಗೆ ಒಂದು ಕ್ರಮಸಂಖ್ಯೆ, ಒಂದು ಚೆಕ್‌ಸಮ್, ಅಂದರೆ ದಾಖಲೆ ಕೆಟ್ಟಿದೆಯಾ ಅಂತ ತಾಳೆ ನೋಡುವ ಸಂಖ್ಯೆ. ಮೊದಲು ಎಲ್ಲ ಬೈಟು ಕೂಡಿಸಿ ಚೆಕ್‌ಸಮ್ ಮಾಡಿದ್ದೆ. ಪೂರ್ತಿ ಸೊನ್ನೆ ಇರುವ ದಾಖಲೆಯನ್ನು ಕೂಡಿಸಿದರೆ ಸೊನ್ನೆಯೇ, ಚೆಕ್‌ಸಮ್ಮಿನ ಜಾಗದಲ್ಲೂ ಸೊನ್ನೆ. ಪಾಸ್! ಈಗ ಸಿಆರ್‌ಸಿ-32 ಅನ್ನುವ ಗಟ್ಟಿ ಚೆಕ್‌ಸಮ್ ಇದೆ, ಕ್ರಮಸಂಖ್ಯೆ 1ರಿಂದ ಶುರು. ಬರೆದ ತಕ್ಷಣ ಎಫ್‌ಡೇಟಾಸಿಂಕ್, ಅಂದರೆ ‘ಈಗಲೇ ಡಿಸ್ಕಿಗೆ ಇಳಿಸು’ ಅನ್ನುವ ಕರೆ. ಫೈಲು ಬೆಳೆದಿದ್ದರೆ ಅದು ಹೊಸ ಸೈಜನ್ನೂ ಡಿಸ್ಕಿಗೆ ಇಳಿಸುತ್ತದೆ. ಅದು ‘ಆಯಿತು’ ಅಂದ ಮೇಲೇ ಚೀಟಿ ಪ್ರಿಂಟ್. ಎರರ್ ಬಂದರೆ ಮತ್ತೆ ಪ್ರಯತ್ನಿಸುವುದಿಲ್ಲ, ಪ್ರೋಗ್ರಾಂ ನಿಲ್ಲಿಸುತ್ತೇನೆ. 2018ರಲ್ಲಿ ಪೋಸ್ಟ್‌ಗ್ರೆಸ್‌ಕ್ಯೂಎಲ್ ಅನ್ನುವ ಡೇಟಾಬೇಸಿನವರಿಗೆ ಸಿಕ್ಕಿದ ಪಾಠ ಅದು. ಅದೇ ಜಾತಿಯ ಎಫ್‌ಸಿಂಕ್ ಒಮ್ಮೆ ಸೋತರೆ ಎರಡನೇ ಸಲ ‘ಆಯಿತು’ ಅನ್ನಬಹುದು, ಡೇಟಾ ಮಾತ್ರ ಡಿಸ್ಕಿನಲ್ಲಿ ಇರುವುದಿಲ್ಲ.

ಶುರುವಾಗುವಾಗ ಪ್ರೋಗ್ರಾಂ ಮೊದಲಿನಿಂದ ಓದಿಕೊಂಡು ಬರುತ್ತದೆ. ಕೊನೆಯಲ್ಲಿ ಕೆಟ್ಟ ತುಂಡು ಸಿಕ್ಕರೆ ಅಲ್ಲಿಗೆ ಕತ್ತರಿಸಿ, ಸಿಂಕ್ ಮಾಡಿ ಮುಂದುವರಿಯುತ್ತದೆ. ನಡುವೆ ಕೆಟ್ಟದ್ದು ಸಿಕ್ಕರೆ ಕತ್ತರಿಸುವುದಿಲ್ಲ, ಕೂಗಿಕೊಳ್ಳುತ್ತದೆ. ಸದಸ್ಯರ ಪಟ್ಟಿ ಚಿಕ್ಕದು. ಅದನ್ನು ಬೇರೆ ಹೆಸರಿನಲ್ಲಿ ಬರೆದು, ಸಿಂಕ್ ಮಾಡಿ, ಆಮೇಲೆ ಹಳೆಯದರ ಮೇಲೆ ರಿನೇಮ್.

ಪರೀಕ್ಷೆ ಮಾಡುವಾಗಲೂ ಮೋಸ ಹೋದೆ. ‘ಕಿಲ್’ ಹೊಡೆದು ಪ್ರೋಗ್ರಾಂ ಸಾಯಿಸಿ ನೋಡುತ್ತಿದ್ದೆ, ಎಲ್ಲ ಸರಿಯಾಗಿರುತ್ತಿತ್ತು. ಇರದೇ ಏನು? ಪ್ರೋಗ್ರಾಂ ಸತ್ತರೂ ಡೇಟಾ ಕರ್ನಲ್ಲಿನ ಕೈಯಲ್ಲೇ ಇರುತ್ತದೆ. ಕೊನೆಗೆ ಮನೆಯಲ್ಲಿ ರಾತ್ರಿ ಕೂತು ಪ್ಲಗ್ಗನ್ನೇ ಕಿತ್ತೆ. ಮೂವತ್ತು ಸಲ. ಕಿತ್ತಾಗ ಪರದೆಯ ಮೇಲಿದ್ದ ಸಂಖ್ಯೆಯನ್ನು ಕಾಗದದಲ್ಲಿ ಬರೆದುಕೊಂಡು, ಆನ್ ಮಾಡಿ ತಾಳೆ ನೋಡುವುದು. ಮೂವತ್ತೂ ಸರಿ ಬಂತು.

ಈಗ ಉಲ್ಟಾ ತಕರಾರು. ದಾಖಲೆ ಡಿಸ್ಕಿಗೆ ಇಳಿದಿರುತ್ತದೆ, ಅಷ್ಟರಲ್ಲಿ ಕರೆಂಟು ಹೋಗಿ ಚೀಟಿ ಬಂದಿರುವುದಿಲ್ಲ. ಕಾರ್ಯದರ್ಶಿ ಮತ್ತೆ ಅದೇ ಹಾಲು ತೂಗುತ್ತಾರೆ, ಒಬ್ಬರಿಗೇ ಎರಡು ದಾಖಲೆ. ಅದಕ್ಕೆ ಆನ್ ಆದ ಕೂಡಲೇ ಕೊನೆಯ ದಾಖಲೆಯನ್ನು ದೊಡ್ಡ ಅಕ್ಷರದಲ್ಲಿ ತೋರಿಸಿ, ‘ಇವರಿಗೆ ಚೀಟಿ ಕೊಟ್ಟಿದ್ದೀರಾ?’ ಅಂತ ಕೇಳುವಂತೆ ಮಾಡಿದ್ದೇನೆ.