ಕುದುರೆ ಕರಕೊಂಡು ಕಾಡಿನ ಕ್ಯಾಂಪಿಗೆ: ಹಗ್ಗ, ನೀರು, ಹುಲ್ಲಿನ ಲೆಕ್ಕ

ಅಮೆರಿಕದ ಹಲವು ಸ್ಟೇಟ್ ಪಾರ್ಕುಗಳಲ್ಲಿ ಕುದುರೆ ತರುವವರಿಗೆಂದೇ ಬೇರೆ ಕ್ಯಾಂಪ್‌ಗ್ರೌಂಡ್ ಇರುತ್ತದೆ. ಇಂಡಿಯಾನಾದ ಬ್ರೌನ್ ಕೌಂಟಿ ಪಾರ್ಕನ್ನೇ ತೆಗೆದುಕೊಳ್ಳಿ. 1929ರಲ್ಲಿ ತೆರೆದದ್ದು, ಹತ್ತಿರ ಹತ್ತಿರ 16,000 ಎಕರೆ, ಆ ರಾಜ್ಯದ ಅತಿ ದೊಡ್ಡ ಸ್ಟೇಟ್ ಪಾರ್ಕು. ಓಕ್, ಹಿಕರಿ, ಮೇಪಲ್ ತುಂಬಿದ ಗುಡ್ಡಗಳ ನಡುವೆ ಸುಮಾರು 70 ಮೈಲಿ ಕುದುರೆ ದಾರಿಯೇ ಇದೆ. ಅಕ್ಟೋಬರಿನಲ್ಲಿ ಎಲೆ ಬಣ್ಣ ತಿರುಗುವ ವಾರಾಂತ್ಯಕ್ಕೆ ಜಾಗ ಬೇಕೆಂದರೆ ತಿಂಗಳುಗಟ್ಟಲೆ ಮೊದಲೇ ಕಾಯ್ದಿರಿಸಬೇಕು.

ಕಾಯ್ದಿರಿಸುವಾಗಲೇ ಎರಡು ಪ್ರಶ್ನೆ ಕೇಳಿ. ಕುದುರೆ ಕಟ್ಟಲು ಏನಿದೆ, ಕಂಬವೋ, ಅಡ್ಡಗಳುವೋ, ಲಾಯವೋ? ಮರಗಳ ನಡುವೆ ಹಗ್ಗ ಎಳೆಯಲು, ಕರೆಂಟ್ ಬೇಲಿ ಹಾಕಲು ಬಿಡುತ್ತಾರೋ? ಪಾರ್ಕಿನಿಂದ ಪಾರ್ಕಿಗೆ ನಿಯಮ ಬೇರೆ. ಅಲ್ಲಿ ಹೋಗಿ ನೋಡಿದರಾಯಿತು ಎಂದುಕೊಂಡರೆ ಕತ್ತಲಾಗುವ ಹೊತ್ತಿಗೆ ಕುದುರೆಯನ್ನು ಟ್ರೇಲರಿಗೆ ಕಟ್ಟಿ ಕೂರಬೇಕಾಗುತ್ತದೆ.

ಕಾಗದಪತ್ರದ ವಿಷಯ ಚಿಕ್ಕದು. ಕುದುರೆಗಳ ಸಾಂಕ್ರಾಮಿಕ ರಕ್ತಹೀನತೆ ರೋಗ ಪತ್ತೆಮಾಡುವ ಕಾಗಿನ್ಸ್ ರಕ್ತಪರೀಕ್ಷೆಯ ನೆಗೆಟಿವ್ ವರದಿ ಬೇಕು, ಸಾಮಾನ್ಯವಾಗಿ 12 ತಿಂಗಳೊಳಗಿನದು. ರಾಜ್ಯದ ಗಡಿ ದಾಟುವುದಾದರೆ ಪಶುವೈದ್ಯರ ಆರೋಗ್ಯ ಪ್ರಮಾಣಪತ್ರವೂ ಬೇಕು, ಅದಕ್ಕೆ ಸಾಮಾನ್ಯವಾಗಿ 30 ದಿನದ ಆಯುಸ್ಸು. ಮೂಲಪ್ರತಿ ಟ್ರಕ್ಕಿನಲ್ಲಿರಲಿ, ಫೋಟೋ ಫೋನಿನಲ್ಲಿರಲಿ.

ಇನ್ನು ನೀರು. 450 ಕಿಲೋ ತೂಗುವ ಕುದುರೆ ದಿನಕ್ಕೆ 20ರಿಂದ 40 ಲೀಟರ್ ಕುಡಿಯುತ್ತದೆ. ಬಿಸಿಲಲ್ಲಿ ಗುಡ್ಡ ಹತ್ತಿಸಿದರೆ ಇನ್ನೂ ಹೆಚ್ಚು. ಕ್ಯಾಂಪಿನಲ್ಲಿ ನಲ್ಲಿ ಇದ್ದೀತು, ಆದರೆ ಬೇರೆ ವಾಸನೆಯ ನೀರಿಗೆ ಮೂಗಿಟ್ಟು ಹಿಂದೆ ಸರಿಯುವ ಕುದುರೆಗಳೇ ಹೆಚ್ಚು. ಒಂದು ದಿನ ಕುಡಿಯದೆ ಒಣ ಹುಲ್ಲನ್ನೇ ತಿಂದರೆ ಮೇವು ಕರುಳಿನಲ್ಲಿ ಗಟ್ಟಿಯಾಗಿ ಹೊಟ್ಟೆನೋವು, ಅಂದರೆ ಕಾಲಿಕ್, ಶುರುವಾಗಬಹುದು. ಹಾಗಾಗಿ ಹೊರಡುವ ಒಂದು ವಾರ ಮೊದಲಿನಿಂದಲೇ ಮನೆಯ ಬಕೆಟ್ಟಿಗೆ ಒಂದಿಷ್ಟು ಸೇಬಿನ ರಸ ಬೆರೆಸಿ ರುಚಿ ಹಿಡಿಸಿ. ಕ್ಯಾಂಪಿನಲ್ಲೂ ಅದೇ ರಸ, ಅದೇ ಬಕೆಟ್. ಪಕ್ಕದಲ್ಲಿ ಬರೀ ನೀರಿನ ಬಕೆಟ್ಟೂ ಇರಲಿ. ಮೊದಲ ರಾತ್ರಿಗೆಂದು ಮನೆಯಿಂದಲೇ 40 ಲೀಟರ್ ತುಂಬಿಸಿಕೊಂಡು ಹೋದರೆ ಇನ್ನೂ ಒಳ್ಳೆಯದು. ಎಲ್ಲರೂ ಅದ್ದುವ ಸಾಮೂಹಿಕ ತೊಟ್ಟಿಗೆ ಕುದುರೆಯ ಬಾಯಿ ಹಚ್ಚಬೇಡಿ. ಗಂಟಲು ರೋಗ (ಸ್ಟ್ರ್ಯಾಂಗಲ್ಸ್) ಹರಡುವ ದಾರಿಗಳಲ್ಲಿ ಅದೂ ಒಂದು.

ಒಣಹುಲ್ಲು ತೂಕದ ಶೇ 2ರ ಲೆಕ್ಕದಲ್ಲಿ ದಿನಕ್ಕೆ 9 ಕಿಲೋ. ಎರಡು ರಾತ್ರಿಗೆ ಮೂರು ದಿನದ್ದು ಒಯ್ಯಿರಿ, ಮನೆಯಲ್ಲಿ ತಿನ್ನುತ್ತಿದ್ದ ಹುಲ್ಲನ್ನೇ. ದಾರಿಯಲ್ಲಿ ಅಗ್ಗಕ್ಕೆ ಸಿಕ್ಕಿತೆಂದು ಬೇರೆ ಹುಲ್ಲು ಕೊಳ್ಳುವುದು ಉಳಿತಾಯವಲ್ಲ. ಕಳೆಬೀಜವಿಲ್ಲದ ಪ್ರಮಾಣಿತ ಹುಲ್ಲನ್ನಷ್ಟೇ ಬಿಡುವ ಕಾಡುಗಳೂ ಇವೆ, ಅದನ್ನೂ ಮೊದಲೇ ವಿಚಾರಿಸಿ. ಸೌದೆ ಮಾತ್ರ ಮನೆಯಿಂದ ತರಬೇಡಿ. 2002ರಲ್ಲಿ ಮಿಷಿಗನ್‌ನಲ್ಲಿ ಪತ್ತೆಯಾದ ಆ್ಯಶ್ ಮರ ಕೊರೆಯುವ ಹುಳ ಊರಿಂದೂರಿಗೆ ಹೋದದ್ದರಲ್ಲಿ ಕ್ಯಾಂಪಿನ ಸೌದೆಯ ಪಾಲೂ ಇದೆ.

ಕ್ಯಾಂಪ್ ಕೆಡುವುದು ಬಹುಪಾಲು ರಾತ್ರಿ ಹೊತ್ತು, ಕಟ್ಟಿದ ಹಗ್ಗದಿಂದ. ಕುದುರೆ ಕಟ್ಟಲು ಎರಡು ಮರಗಳ ನಡುವೆ ಹಗ್ಗ ಎಳೆಯಲು ಅನುಮತಿ ಇದ್ದರೆ ಕ್ರಮ ಹೀಗೆ. ತೊಡೆಗಿಂತ ದಪ್ಪನೆಯ, ಒಣಗಿರದ ಎರಡು ಮರ ಆರಿಸಿ. ತಲೆಯೆತ್ತಿ ನೋಡಿ, ಮುರಿದು ಜೋತುಬಿದ್ದ ಕೊಂಬೆಯಿದ್ದರೆ ಆ ಮರ ಬೇಡ. ಕಾಂಡಕ್ಕೆ ನೇರವಾಗಿ ಹಗ್ಗ ಸುತ್ತಿದರೆ ತೊಗಟೆ ಸುಲಿದು ಮರ ಸಾಯಬಹುದು, ಅದಕ್ಕೇ 2 ಇಂಚು ಅಗಲದ ಪಟ್ಟಿ ಸುತ್ತಿ, ಅದರ ಬಳೆಗೆ 12 ಮಿ.ಮೀ. ಹಗ್ಗ ಕಟ್ಟಿ. ಎತ್ತರ ಕನಿಷ್ಠ 7 ಅಡಿ. ಇನ್ನೊಂದು ತುದಿಯನ್ನು ಲಾರಿಯವರು ಸರಕು ಬಿಗಿಯುವ ಗಂಟಿನಿಂದ ಎಳೆದು ಬಿಗಿಯಿರಿ. ಆಮೇಲೆ ನಡುವೆ ಕೈಯಿಟ್ಟು ನಿಮ್ಮ ಪೂರ್ತಿ ಭಾರ ಹಾಕಿ ಜೋತುಬೀಳಿ. ಒಂದಡಿಗಿಂತ ಹೆಚ್ಚು ಜಗ್ಗಿತೆಂದರೆ ಬಿಚ್ಚಿ ಮತ್ತೆ ಬಿಗಿಯಬೇಕು. ಹೊಸ ಹಗ್ಗ ಮೊದಲ ರಾತ್ರಿ ಸಡಿಲವಾಗಿಯೇ ಆಗುತ್ತದೆ.

ಕುದುರೆ ಕಟ್ಟುವ ಜಾಗ ಮರದಿಂದ 6 ಅಡಿಯಾದರೂ ದೂರ ಇರಲಿ, ಇಲ್ಲದಿದ್ದರೆ ರಾತ್ರಿಯಿಡೀ ಬೇರು ಕೆರೆಯುತ್ತದೆ. ಎರಡು ಕುದುರೆಗಳ ನಡುವೆ 10ರಿಂದ 12 ಅಡಿ. ಕುದುರೆ ಕಟ್ಟುವಲ್ಲಿ ಹಗ್ಗ ಸುತ್ತುಕೊಳ್ಳದಂತೆ ತಿರುಗುವ ಬಳೆ ಹಾಕಿ, ಅದು ಹಗ್ಗದ ಮೇಲೆ ಅತ್ತಿತ್ತ ಜಾರದಂತೆ ಗಂಟು ಹಾಕಿ ನಿಲ್ಲಿಸಿ. ಕೆಳಗಿಳಿಯುವ ಹಗ್ಗದ ಉದ್ದವೇ ಎಲ್ಲಕ್ಕಿಂತ ಮುಖ್ಯ. ಹಾಲ್ಟರಿನಿಂದ, ಅಂದರೆ ಕುದುರೆಯ ಮುಖಕ್ಕೆ ಹಾಕಿದ ಪಟ್ಟಿಯಿಂದ, ಕಳಚಿ ಬಿಟ್ಟಾಗ ಅದರ ಕೊಕ್ಕೆ ನೆಲದಿಂದ ಒಂದು, ಒಂದೂವರೆ ಅಡಿ ಮೇಲೆ ನಿಲ್ಲಬೇಕು. ಅಷ್ಟಿದ್ದರೆ ಮೂತಿ ನೆಲ ಮುಟ್ಟುತ್ತದೆ, ಮುಂಗಾಲು ಹಗ್ಗ ದಾಟುವುದಿಲ್ಲ. ಅದಕ್ಕಿಂತ ಉದ್ದ ಬಿಟ್ಟರೆ ಕಾಲು ಸಿಕ್ಕಿ ಗೊರಸಿನ ಮೇಲಿನ ಚರ್ಮ ಸುಟ್ಟಂತೆ ಕಿತ್ತುಬರುತ್ತದೆ. ಎಳೆದರೆ ಬಿಚ್ಚುವ ಜಾರುಗಂಟು, ಸೊಂಟದಲ್ಲಿ ಚೂರಿ. ಹುಲ್ಲಿನ ಬಲೆಯನ್ನು ತುಂಬಿದಾಗ ಅಲ್ಲ, ಖಾಲಿಯಾದಾಗ ಎಲ್ಲಿಗೆ ಜೋತುಬೀಳುತ್ತದೆಂದು ನೋಡಿ ಕಟ್ಟಿ. ಇಷ್ಟನ್ನೂ ಮನೆಯ ಹಿತ್ತಲಲ್ಲಿ ಮೂರ್ನಾಲ್ಕು ರಾತ್ರಿ ಅಭ್ಯಾಸ ಮಾಡಿಸಿರಬೇಕು. ಕರೆಂಟ್ ಬೇಲಿಗಂತೂ ಇದು ಕಡ್ಡಾಯ: ಬೇಲಿಯ ಶಾಕ್ ಏನೆಂದು ಗೊತ್ತಿಲ್ಲದ ಕುದುರೆಗೆ ಆ ಟೇಪು ಬರೀ ರಿಬ್ಬನ್ನು.

ಹಗ್ಗ ಕಟ್ಟುವ ಮೊದಲು ಸುತ್ತಲಿನ ಮರ ಗುರುತಿಸಿ. ಕೆಂಪು ಮೇಪಲ್ಲಿನ ಹಸಿ ಎಲೆಗಿಂತ ಗಾಳಿಗೆ ಮುರಿದುಬಿದ್ದು ಬಾಡಿದ ಎಲೆ ಬಹಳ ಕೆಟ್ಟದ್ದು. ಒಂದು ಕಿಲೋದಷ್ಟು ತಿಂದರೂ ರಕ್ತಕಣ ಒಡೆದು ಮೂತ್ರ ಕಂದಾಗುತ್ತದೆ, ಒಸಡು ಹಳದಿ ಇಲ್ಲವೇ ಮಣ್ಣಿನ ಬಣ್ಣಕ್ಕೆ ತಿರುಗುತ್ತದೆ. ಜನ ನೋಡಲು ಮುಗಿಬೀಳುವ ಆ ಕೆಂಪೇ ಕುದುರೆಗೆ ವಿಷ. ಕಾಡುಚೆರ್ರಿಯ ಬಾಡಿದ ಎಲೆಯಲ್ಲಿ ಸಯನೈಡ್, ಬ್ಲ್ಯಾಕ್ ಲೋಕಸ್ಟಿನ ತೊಗಟೆಯಲ್ಲೂ ವಿಷವಿದೆ. ಬೇಸರಕ್ಕೆ ತೊಗಟೆ ಕಡಿಯುವ ಕುದುರೆಗೆ ಹುಲ್ಲು ಸದಾ ಮುಂದಿರಬೇಕು.

ಬೇಸಿಗೆಯಲ್ಲಿ ಹೊಳೆ, ಕೆರೆ ಹತ್ತಿರದ ಕ್ಯಾಂಪಾದರೆ ಕುದುರೆ ಕಟ್ಟಿದ ಕಡೆ ರಾತ್ರಿ ದೀಪ ಉರಿಸಬೇಡಿ. ದೀಪಕ್ಕೆ ಮೇಫ್ಲೈ ಹುಳಗಳು ಮುತ್ತಿ ನೀರಿಗೂ ಹುಲ್ಲಿಗೂ ಬೀಳುತ್ತವೆ. ಅವುಗಳ ಮೈಯಲ್ಲಿರುವ ಬ್ಯಾಕ್ಟೀರಿಯಾ ಹೊಟ್ಟೆಗೆ ಹೋದರೆ ಪೊಟೊಮ್ಯಾಕ್ ಜ್ವರ. ಬೆಳಿಗ್ಗೆ ಬಕೆಟ್ಟಿನಲ್ಲಿ ಹುಳ ತೇಲುತ್ತಿದ್ದರೆ ನೀರು ಚೆಲ್ಲಿ ಉಜ್ಜಿ ತೊಳೆಯಿರಿ.

ಬೆಳಿಗ್ಗೆ ಜೀನು ಹಾಕುವ ಮುನ್ನ ನಾಡಿ ನೋಡಿ: ಎಡ ಮೊಣಕೈ ಹಿಂದೆ ಸ್ಟೆತೋಸ್ಕೋಪ್ ಇಟ್ಟು 15 ಸೆಕೆಂಡ್ ಎಣಿಸಿ ನಾಲ್ಕರಿಂದ ಗುಣಿಸಿ. ವಿಶ್ರಾಂತಿಯಲ್ಲಿ 28ರಿಂದ 44. ಲದ್ದಿ ಹಾಕಿಲ್ಲ, ಹುಲ್ಲು ಮುಟ್ಟಿಲ್ಲ, ಪಕ್ಕೆಯ ಕಡೆ ತಿರುಗಿ ತಿರುಗಿ ನೋಡುತ್ತಿದೆ, ನಾಡಿ 60 ದಾಟಿದೆ ಎಂದರೆ ಸವಾರಿ ಬಿಟ್ಟು ವೈದ್ಯರಿಗೆ ಫೋನ್ ಮಾಡಿ. ಕಾಡಿನಲ್ಲಿ ಸಿಗ್ನಲ್ ಸಿಗುವ ಜಾಗವನ್ನೂ ಹತ್ತಿರದ ಕುದುರೆ ವೈದ್ಯರ ನಂಬರನ್ನೂ ಮೊದಲ ದಿನವೇ ಬರೆದಿಟ್ಟುಕೊಂಡಿರಬೇಕು. ನೋವು, ಜ್ವರ ತಗ್ಗಿಸುವ ಔಷಧ ಬನಮೈನ್ ಒಯ್ಯುವುದಾದರೆ ಪೇಸ್ಟ್ ರೂಪದ್ದು, ವೈದ್ಯರನ್ನು ಕೇಳಿಯೇ ಕೊಡುವುದು. ಸೂಜಿಯಲ್ಲಿ ಸ್ನಾಯುವಿಗೆ ಚುಚ್ಚಿದರೆ ಆ ಜಾಗ ಭೀಕರವಾಗಿ ಕೊಳೆಯುವ ಸೋಂಕು ತಗಲಬಹುದು.

ಒಂದು ಕುದುರೆ ದಿನಕ್ಕೆ 20 ಕಿಲೋಗೂ ಹೆಚ್ಚು ಲದ್ದಿ ಹಾಕುತ್ತದೆ. ಮುಳ್ಳುಗೋಲು, ಕೈಗಾಡಿ ಜೊತೆಗಿರಲಿ. ಹೊರಡುವಾಗ ಲದ್ದಿಯನ್ನೂ ಉಳಿದ ಹುಲ್ಲನ್ನೂ ತೋರಿಸಿದ ಗುಂಡಿಗೆ ಹಾಕಿ, ಕೆರೆದ ಕುಳಿಗಳಿಗೆ ಮಣ್ಣು ತುಂಬಿ ತುಳಿಯಿರಿ. ಮರಕ್ಕೆ ಸುತ್ತಿದ ಪಟ್ಟಿ ಬಿಚ್ಚಲು ಮರೆಯುವವರು ಕಡಿಮೆಯೇನಲ್ಲ. ಟ್ರೇಲರಿನ ಚಕ್ರದ ನಟ್ಟು, ಟೈರಿನ ಗಾಳಿ ಇನ್ನೊಮ್ಮೆ ನೋಡಿ. ಮನೆಗೆ ಬಂದ ಮೇಲೆ ಎರಡು ಮೂರು ವಾರ ದಿನಕ್ಕೊಮ್ಮೆ ಥರ್ಮಾಮೀಟರ್ ಹಿಡಿಯಿರಿ. ಪೊಟೊಮ್ಯಾಕ್ ಜ್ವರ ಕಾಣಿಸಿಕೊಳ್ಳಲು ಅಷ್ಟು ದಿನ ಹಿಡಿಯುವುದುಂಟು. 38.5 ಡಿಗ್ರಿ ಸೆಲ್ಸಿಯಸ್ ದಾಟಿದರೆ ಕ್ಯಾಂಪಿಗೆ ಹೋಗಿದ್ದ ಊರು, ತಾರೀಖು ಎರಡನ್ನೂ ವೈದ್ಯರಿಗೆ ಹೇಳಿ.