14ನೇ ಮಾದರಿಯ ನಾಂಬು ಪಿಸ್ತೂಲಿನ ಒಳಯಂತ್ರವನ್ನು ಅರಿಯುವ ಬಗೆ

ಎರಡನೇ ಮಹಾಯುದ್ಧದಲ್ಲಿ ಜಪಾನಿ ಸೇನೆ ಬಳಸಿದ 14ನೇ ಮಾದರಿಯ ನಾಂಬು ಪಿಸ್ತೂಲನ್ನು ಮೊದಲ ಬಾರಿಗೆ ನೋಡಿದವರು ಅದನ್ನು ಜರ್ಮನಿಯ ಲೂಗರ್‌ನ ನಕಲೆಂದು ಭಾವಿಸುವುದುಂಟು. ತೆಳ್ಳನೆಯ ನಳಿಗೆ ಮತ್ತು ಓರೆಯಾದ ಹಿಡಿಕೆ ಈ ಭಾವನೆಗೆ ಕಾರಣ. ಆದರೆ ಲೂಗರ್‌ನಲ್ಲಿ ಮೊಣಕಾಲಿನಂತೆ ಮಡಚಿಕೊಳ್ಳುವ ಕೀಲು ಇದರಲ್ಲಿಲ್ಲ. ಜಪಾನಿನ ಶಸ್ತ್ರ ವಿನ್ಯಾಸಕ ಕಿಜಿರೋ ನಾಂಬು ರೂಪಿಸಿದ ಈ ಪಿಸ್ತೂಲನ್ನು ಅರಿಯಬೇಕಾದರೆ ಟ್ರಿಗರ್‌ಗಿಂತ ಮೊದಲು ನಳಿಗೆಯ ಹಿಂಭಾಗದ ಕೆಳಗೆ ಅಡಗಿರುವ ಲಾಕಿಂಗ್ ಬ್ಲಾಕ್ ಎಂಬ ಪುಟ್ಟ ಉಕ್ಕಿನ ತುಂಡನ್ನು ಗಮನಿಸಬೇಕು.

ಚಿತ್ರದ ಬದಲು ನಿಜವಾದ ಪಿಸ್ತೂಲನ್ನೇ ಪರಿಶೀಲಿಸುವ ಅವಕಾಶ ಸಿಕ್ಕರೆ, ಅದರ ಹೊಣೆ ಹೊತ್ತವರ ಸಮ್ಮುಖದಲ್ಲಿ ತೋಟೆಗಳನ್ನು ತುಂಬಿಡುವ ಪೆಟ್ಟಿಗೆಯಾದ ಮ್ಯಾಗಜೀನನ್ನು ಹೊರತೆಗೆದು, ಹಿಂಬದಿಯ ದುಂಡನೆಯ ಗುಬುಟನ್ನು ಪೂರ್ತಿ ಹಿಂದಕ್ಕೆಳೆದು, ಚೇಂಬರ್, ಅಂದರೆ ನಳಿಗೆಯ ಹಿಂತುದಿಯಲ್ಲಿ ತೋಟೆ ಕೂರುವ ಜಾಗ, ಖಾಲಿಯಿದೆ ಎಂಬುದನ್ನು ಕಣ್ಣಾರೆ ಕಂಡ ನಂತರವೇ ಮುಂದುವರಿಯತಕ್ಕದ್ದು. ಈ ಕ್ರಮವನ್ನು ಯಾವ ಕಾರಣಕ್ಕೂ ಬಿಡಬಾರದು.

ಆ ಗುಬುಟು, ನಳಿಗೆಯ ಹಿಂಬಾಯಿಯನ್ನು ಮುಚ್ಚುವ ಬೋಲ್ಟ್ ಎಂಬ ಉಕ್ಕಿನ ದಂಡದ ಹಿಂತುದಿಗೆ ಸೇರಿದ್ದು. ಬೋಲ್ಟ್‌ನೊಳಗೆ ಫೈರಿಂಗ್ ಪಿನ್ ಮತ್ತು ಅದರ ಸ್ಪ್ರಿಂಗ್ ಇವೆ. ಎರಡೂ ಪಕ್ಕಗಳಲ್ಲಿ ಬೋಲ್ಟನ್ನು ಮುಂದಕ್ಕೆ ಮರಳಿಸುವ ಒಂದೊಂದು ಸ್ಪ್ರಿಂಗ್ ಇದೆ. ನಾಂಬುವಿನ ಹಳೆಯ ಮಾದರಿಗಳಲ್ಲಿ ಎಡಬದಿಗೆ ಮಾತ್ರ ಒಂದು ಸ್ಪ್ರಿಂಗ್ ಇತ್ತು. ಹಿಡಿಕೆಯೊಳಗಿನ ಮ್ಯಾಗಜೀನ್ 8 ಮಿ.ಮೀ. ವ್ಯಾಸದ 8 ತೋಟೆಗಳನ್ನು ಹಿಡಿಯುತ್ತದೆ.

ಟ್ರಿಗರ್ ಒತ್ತಿದಾಗ ಸಿಯರ್ ಎಂಬ ಕೊಕ್ಕೆ ಜಾರಿ, ಅದುವರೆಗೆ ಹಿಡಿದಿಟ್ಟಿದ್ದ ಫೈರಿಂಗ್ ಪಿನ್ನನ್ನು ಬಿಡುತ್ತದೆ. ಪಿನ್ ಮುನ್ನುಗ್ಗಿ ತೋಟೆಯ ಹಿಂಬದಿಯಲ್ಲಿ ಮದ್ದಿಗೆ ಕಿಡಿ ಹೊತ್ತಿಸುವ ಪ್ರೈಮರ್‌ಗೆ ಬಡಿಯುತ್ತದೆ. ಆ ಕ್ಷಣದಲ್ಲಿ ಲಾಕಿಂಗ್ ಬ್ಲಾಕ್ ಪಿಸ್ತೂಲಿನ ಚೌಕಟ್ಟಾದ ಫ್ರೇಮಿನ ಆಧಾರದ ಮೇಲೆ ಎತ್ತರದಲ್ಲಿ ನಿಂತು, ತನ್ನ ಮೇಲ್ಭಾಗವನ್ನು ಬೋಲ್ಟ್‌ನ ಅಡಿಯ ಕಚ್ಚಿನಲ್ಲಿ ಸಿಕ್ಕಿಸಿಕೊಂಡಿರುವುದರಿಂದ, ನಳಿಗೆಯೂ ಬೋಲ್ಟೂ ಒಂದೇ ವಸ್ತುವಿನಂತೆ ಜೊತೆಯಾಗಿ ಹಿಂದೆ ಸರಿಯುತ್ತವೆ. ಸ್ವಲ್ಪವೇ ದೂರ ಸರಿಯುವಷ್ಟರಲ್ಲಿ ಗುಂಡು ನಳಿಗೆಯನ್ನು ದಾಟಿರುತ್ತದೆ, ಅನಿಲದ ಒತ್ತಡವೂ ಇಳಿದಿರುತ್ತದೆ. ಬಳಿಕ ಬ್ಲಾಕ್‌ಗೆ ಫ್ರೇಮಿನ ಆಧಾರ ತಪ್ಪುತ್ತದೆ. ಅದು ಕೆಳಗಿಳಿದು ಬೋಲ್ಟನ್ನು ಬಿಡುತ್ತದೆ. ನಳಿಗೆ ಅಲ್ಲಿಗೆ ನಿಂತರೂ ಬೋಲ್ಟ್ ಹಿಂದಕ್ಕೆ ಸಾಗಿ, ಖಾಲಿ ತೋಟೆಯನ್ನು ಎಳೆದು ಹೊರಗೆಸೆದು, ಸ್ಪ್ರಿಂಗ್‌ಗಳ ಬಲದಿಂದ ಮರಳುವಾಗ ಹೊಸ ತೋಟೆಯನ್ನು ಚೇಂಬರಿಗೆ ತಳ್ಳುತ್ತದೆ. ಒತ್ತಡ ಇಳಿಯುವವರೆಗೆ ಬೀಗ ತೆರೆಯದಂತೆ ಕಾಯುವ ಈ ಏರ್ಪಾಟು ಅತ್ಯಂತ ಸರಳವಾದದ್ದು, ಮತ್ತು ನನ್ನ ದೃಷ್ಟಿಯಲ್ಲಿ ಇಡೀ ವಿನ್ಯಾಸದ ಶ್ರೇಷ್ಠ ಭಾಗ.

ದೌರ್ಬಲ್ಯವಿದ್ದದ್ದು ಫೈರಿಂಗ್ ಪಿನ್‌ನ ಸ್ಪ್ರಿಂಗ್‌ನಲ್ಲಿ. ಅದು ಬಲಗುಂದಿದರೆ ಪ್ರೈಮರ್‌ಗೆ ಬೀಳುವ ಪೆಟ್ಟು ಸಾಲದೆ ತೋಟೆ ಸಿಡಿಯದೇ ಉಳಿಯುತ್ತಿತ್ತು. ಪಿನ್ ಮುರಿದರೆ ಬೇಕಾದೀತೆಂದು ಸೈನಿಕರ ಚರ್ಮದ ಒರೆಯಲ್ಲೇ ಬಿಡಿ ಪಿನ್ನೊಂದನ್ನು ಇಡಲು ಸ್ಥಳ ಕಲ್ಪಿಸಲಾಗಿತ್ತು. ಮತ್ತೊಂದು ತೊಡಕೆಂದರೆ, ಕೊನೆಯ ಗುಂಡು ಹಾರಿದ ಮೇಲೆ ಬೋಲ್ಟನ್ನು ಹಿಂದೆ ತಡೆದು ನಿಲ್ಲಿಸುವುದು ಮ್ಯಾಗಜೀನಿನ ಒಳತಟ್ಟೆ ಮಾತ್ರ. ಬೋಲ್ಟ್ ಆ ತಟ್ಟೆಯನ್ನು ಒತ್ತುತ್ತಿರುವುದರಿಂದ ಮ್ಯಾಗಜೀನನ್ನು ಬಲವಾಗಿ ಎಳೆಯಬೇಕಾಗುತ್ತದೆ. ಎಳೆದೊಡನೆ ಬೋಲ್ಟ್ ಮುಚ್ಚಿಕೊಳ್ಳುತ್ತದೆ, ಹೊಸ ಮ್ಯಾಗಜೀನ್ ಹಾಕಿದ ಬಳಿಕ ಗುಬುಟನ್ನು ಮತ್ತೊಮ್ಮೆ ಎಳೆಯದೆ ವಿಧಿಯಿಲ್ಲ. ಗುಂಡು ಹಾರದಂತೆ ತಡೆಯುವ ಎಡಬದಿಯ ಸುರಕ್ಷತಾ ಸನ್ನೆಕೋಲನ್ನು ಅರ್ಧ ಸುತ್ತು ತಿರುಗಿಸಬೇಕಾದ್ದರಿಂದ ಅದಕ್ಕೂ ಇನ್ನೊಂದು ಕೈ ಬೇಕು. ಯುದ್ಧಭೂಮಿಯಲ್ಲಿ ಇವು ಸಣ್ಣ ಕೊರತೆಗಳಲ್ಲ.

ತಯಾರಿಕೆಯ ಕಾಲ ತಿಳಿಯಲು ಬಲಬದಿಯ ಕೆತ್ತನೆಯನ್ನು ಓದಬೇಕು. ಮಾದರಿಯ ಹೆಸರಿನ 14 ಎಂಬುದು ಜಪಾನಿನ ಚಕ್ರವರ್ತಿ ತೈಶೋ ಆಳ್ವಿಕೆಯ 14ನೇ ವರ್ಷವನ್ನು, ಅಂದರೆ 1925ನ್ನು ಸೂಚಿಸುತ್ತದೆ. ತಯಾರಿಕೆಯ ದಿನಾಂಕವಾದರೋ ಅವರ ನಂತರದ ಚಕ್ರವರ್ತಿಯ ಶೋವಾ ಶಕೆಯದು. ಆ ವರ್ಷಕ್ಕೆ 1925 ಕೂಡಿಸಿದರೆ ಇಸವಿ ದೊರೆಯುತ್ತದೆ. 15.3 ಎಂದಿದ್ದರೆ ಅದು 1940ರ ಮಾರ್ಚ್. ಕೈಗವಸು ತೊಟ್ಟ ಬೆರಳಿಗೂ ಅನುಕೂಲವಾಗುವಂತೆ ಟ್ರಿಗರ್ ಸುತ್ತಲಿನ ಬಳೆಯನ್ನು 1939ರ ಸುಮಾರಿಗೆ ಹಿಗ್ಗಿಸಿದ್ದರಿಂದ, ಅಂತಹ ಪಿಸ್ತೂಲಿನಲ್ಲಿ ದೊಡ್ಡ ಬಳೆಯೇ ಇರಬೇಕು.